ಇನ್ನೊಂಚೂರಣ್ಣನ ಹಿತ್ತಲಿನ ಬಣ್ಣಗಳ್ಳಿ

ನಮ್ಮ ಬೀದಿಯ ಕಟಿಂಗ್ ಅಂಗಡಿಯವರನ್ನು ದೊಡ್ಡವರು, ಚಿಕ್ಕವರು ಎಲ್ಲರೂ ಇನ್ನೊಂಚೂರಣ್ಣ ಎಂದೇ ಕರೆಯುತ್ತಾರೆ. ಕಾರಣ ತಿಳಿಯಬೇಕಾದರೆ ಒಮ್ಮೆ ಅವರ ಕುರ್ಚಿಯಲ್ಲಿ ಕೂರಬೇಕು. "ಸುಮ್ನೆ ಕಿವಿ ಹತ್ರ ಸ್ವಲ್ಪ ತೆಗೀರಿ" ಎಂದು ಕೂತವನ ಎಡಗಿವಿಯ ಹತ್ತಿರ ಅವರು ಸ್ವಲ್ಪವೇ ತೆಗೆಯುತ್ತಾರೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಕನ್ನಡಿಯಲ್ಲಿ ನೋಡಿ, "ಇನ್ನೊಂಚೂರು" ಎನ್ನುತ್ತಾರೆ. ಎಡಕ್ಕೆ ಸಮವಾಗಲೆಂದು ಬಲಕ್ಕೆ ಇನ್ನೊಂಚೂರು. ಎರಡಕ್ಕೂ ಹೊಂದಲೆಂದು ಹಿಂದೆ ಇನ್ನೊಂಚೂರು. ಕೊನೆಗೆ ಮೈಮೇಲಿನ ಬಟ್ಟೆ ಕೊಡವಿದಾಗ ತಲೆಯ ಮೇಲಿರುವುದಕ್ಕಿಂತ ಹೆಚ್ಚು ಕೂದಲು ನೆಲದ ಮೇಲಿರುತ್ತದೆ. ಆದರೂ ಹೆಚ್ಚಿನವರು ಬೇರೆ ಅಂಗಡಿಗೆ ಹೋಗುವುದಿಲ್ಲ. ಅವರ ಕೈ ಅಷ್ಟು ಹಗುರ, ಮಾತು ಅಷ್ಟು ಸಿಹಿ. ಕೂತವರು ಕಣ್ಣು ಮುಚ್ಚಿ ತೂಕಡಿಸುತ್ತಾರೆ, ಎದ್ದಾಗ ತಲೆ ತಣ್ಣಗಾಗಿರುತ್ತದೆ.

ಅಂಗಡಿ ಎಂದರೆ ಬೀದಿಗೆ ಮುಖ ಮಾಡಿದ ಒಂದೇ ಕೋಣೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಾಚಣಿಗೆ, ಕತ್ತರಿ, ನೀರು ಚಿಮ್ಮಿಸುವ ಬಾಟಲಿ, ಪೌಡರ್ ಡಬ್ಬಿ, ಬ್ಲೇಡು ತಾಗಿದರೆ ರಕ್ತ ನಿಲ್ಲಿಸಲು ಒತ್ತುವ ಪಟಿಕದ ಕಲ್ಲು. ಹಿಂಬಾಗಿಲು ದಾಟಿದರೆ ಮನೆ, ಮನೆ ದಾಟಿದರೆ ಹಿತ್ತಲು. ಆ ಹಿತ್ತಲಿಗೂ ನಮ್ಮ ಅಡುಗೆಮನೆಗೂ ನಡುವೆ ಎದೆಮಟ್ಟದ ಗೋಡೆ. ಬೆಳಗಿನ ಪ್ರಾರ್ಥನೆ ಮುಗಿಸಿ ನಾನು ಕಿಟಕಿ ತೆರೆಯುವ ಹೊತ್ತಿಗೆ ಅಣ್ಣ ಅಲ್ಲಿ ಹಲ್ಲುಜ್ಜುತ್ತ ನಿಂತಿರುತ್ತಾರೆ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಅತ್ತಿಗೆ ಗೋಡೆಗೆ ಮೊಣಕೈ ಊರಿ ಹೇಳಿದ್ದನ್ನೆಲ್ಲ ನಾನು ಪಾತ್ರೆ ತಿಕ್ಕುತ್ತ ಕೇಳಿಸಿಕೊಂಡಿದ್ದೇನೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಅರ್ಧ ಗೋಡೆಯಾಚೆಯಿಂದ ಬಂದದ್ದು.

ಅವರಿಗೆ ಒಬ್ಬಳೇ ಮಗಳು. ಓದು ಮುಗಿದ ಮೇಲೆ ಅಪ್ಪನ ಅಂಗಡಿಯಲ್ಲೇ ಕೆಲಸ ಮಾಡುತ್ತೇನೆ ಎಂದಳು. ಅಣ್ಣ ಬೇಡ ಎನ್ನಲಿಲ್ಲ. ಪರೀಕ್ಷೆಗೆಂದು ತಮ್ಮ ಸ್ವಂತ ತಮ್ಮನನ್ನೇ ಕರೆದು ಕುರ್ಚಿಯಲ್ಲಿ ಕೂರಿಸಿದರು. ಮಗಳು ನಿಧಾನವಾಗಿ ಕತ್ತರಿ ಆಡಿಸಿದಳು, ಆಮೇಲೆ ಕೆಳಗಿಟ್ಟಳು.

"ಯಾಕೆ ನಿಲ್ಲಿಸ್ದೆ?"

"ಮುಗೀತು ಅಪ್ಪ."

"ಎಲ್ಲಿ ಮುಗೀತು? ಇನ್ನೂ ಅರ್ಧ ತಲೆ ಹಾಗೇ ಇದೆ."

"ಚಿಕ್ಕಪ್ಪನ ಮುಖಕ್ಕೆ ಇಷ್ಟು ಇದ್ರೇನೇ ಚಂದ."

ಚಿಕ್ಕಪ್ಪ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಹೌದೆಂದು ತಲೆಯಾಡಿಸಿದ. ಆದರೆ ತೀರ್ಪು ಅವನದಲ್ಲವಲ್ಲ. "ನಿನ್ನ ಕೈ ಅರ್ಧ ದಾರೀಲೇ ಕೂತ್ಕೊಂಡುಬಿಡುತ್ತೆ ಮಗಳೇ. ಈ ಕೆಲಸ ನಿನಗಲ್ಲ" ಎಂದರು ಅಣ್ಣ. ಅವಳು ವಾದ ಮಾಡಲಿಲ್ಲ. ಊರಾಚೆಯ ಒಂದು ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಮುಂದೆ ಒಬ್ಬ ಬಸ್ ಡ್ರೈವರನ್ನು ಮದುವೆಯಾಗಿ, ಹಿಡಿ ಮಣ್ಣೂ ಇಲ್ಲದ ಮೇಲಂತಸ್ತಿನ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದಳು. ಅಪ್ಪ ಮಗಳ ನಡುವೆ ಜಗಳವೇನೂ ಇರಲಿಲ್ಲ. ಆದರೆ ಅಪ್ಪನ ಅಂಗಡಿಯೊಳಗೆ ಬಂದಾಗ ಅವಳು ಕತ್ತರಿ ಇಟ್ಟ ಹಲಗೆಯ ಕಡೆ ನೋಡುತ್ತಿರಲಿಲ್ಲ. ಅತ್ತಿಗೆ ನನಗೆ ಇದನ್ನು ಹೇಳಿ ನಿಟ್ಟುಸಿರು ಬಿಟ್ಟದ್ದುಂಟು.

ಒಂದು ದಿನ ಮಗಳು ಕುಂಡವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿಗೆ ಬಂದಳು. ಕುಂಡದಲ್ಲಿ ಮೊಳದುದ್ದದ, ಪೊದೆಯಂಥ ಗಿಡ. ನರ್ಸರಿಯಲ್ಲಿ ನೀರು ಹೆಚ್ಚಾಗಿ ಬೇರು ಕೊಳೆತ ಗಿಡಗಳನ್ನು ಎಸೆದಿದ್ದರಂತೆ. ಆ ರಾಶಿಯಲ್ಲಿ ಜೀವವಿದ್ದ ಒಂದೇ ಒಂದನ್ನು ಯಜಮಾನರನ್ನು ಕೇಳಿ ತಂದು, ಮೆಟ್ಟಿಲ ಮೇಲಿಟ್ಟು ಬದುಕಿಸಿಕೊಂಡಿದ್ದಳು.

"ಬಣ್ಣಗಳ್ಳಿ ಅಪ್ಪ" ಎಂದಳು.

ಅಣ್ಣ ಸುತ್ತ ತಿರುಗಿ ನೋಡಿದರು. "ಕಳ್ಳಿ ಅಂತೀಯ, ಮುಳ್ಳೆಲ್ಲಿ? ಬಣ್ಣ ಅಂತೀಯ, ಬಣ್ಣ ಎಲ್ಲಿ?"

"ಇದು ಮುಳ್ಳಿಲ್ಲದ ಜಾತಿ. ಚಳಿ ಬಿದ್ದ ಮೇಲೆ ಎಲೆಗೇ ಬಣ್ಣ ಬರುತ್ತೆ. ಒಂದ್ಸಲ ನೆಟ್ಟರೆ ವರ್ಷ ವರ್ಷ ಬುಡದಿಂದ ಚಿಗುರ್ತಾ ಇರುತ್ತೆ."

"ಹೂವು?"

"ಇದೆ, ಸಾಸಿವೆಯಷ್ಟು. ಅದನ್ನ ಯಾರೂ ನೋಡಲ್ಲ."

ಅವಳು ಫೋನಿನಲ್ಲಿ ಹಿಂದಿನ ಚಳಿಗಾಲದಲ್ಲಿ ನರ್ಸರಿಯಲ್ಲಿ ತೆಗೆದ ಚಿತ್ರ ತೋರಿಸಿದಳು. ಗೋಡೆಯ ಮೇಲಿಂದ ನಾನೂ ಬಗ್ಗಿ ನೋಡಿದೆ. ಬುಡದಲ್ಲಿ ನೀಲಿ ಬೆರೆತ ಹಸಿರು, ಎಲೆಯಂಚಿಗೆ ಬೆಣ್ಣೆಯ ಹಳದಿ, ತುದಿಯಲ್ಲಿ ಕಿತ್ತಳೆ, ದಾಳಿಂಬೆಗೆಂಪು. ಒಂದೇ ರೆಂಬೆಯಲ್ಲಿ ಇಷ್ಟು ಬಣ್ಣ ಇಟ್ಟವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ಅವಳು ಬಂದ ವಿಷಯ ಹೇಳಿದಳು. ದೊಡ್ಡಾಸ್ಪತ್ರೆಯ ಮುಂದೆ ಒಂದು ಇಳಿಜಾರು ಇದೆ. ರೋಗಿಗಳ ಕಿಟಕಿಗಳೆಲ್ಲ ಅದರ ಕಡೆಗೇ ತೆರೆಯುತ್ತವೆ. ಅಲ್ಲಿ ನೀರು ನಿಲ್ಲುವುದಿಲ್ಲ. ಏನು ನೆಟ್ಟರೂ ಆಡುಗಳು ನುಗ್ಗಿ ತಿಂದು ಹೋಗುತ್ತವೆ. ಬಣ್ಣಗಳ್ಳಿಗೆ ನೀರು ಹೆಚ್ಚು ಬೇಡ, ಅದರ ಹಾಲು ಬಾಯಿಗೆ ತಾಗಿದರೆ ಉರಿಯುವುದರಿಂದ ಆಡು ಮುಟ್ಟುವುದಿಲ್ಲ. ಊರಿನ ಉದ್ಯಾನಗಳ ಮೇಲ್ವಿಚಾರಕರು ನರ್ಸರಿಗೆ ಬಂದಾಗ ಇವಳು ಧೈರ್ಯ ಮಾಡಿ ಈ ಚಿತ್ರ ತೋರಿಸಿದ್ದಾಳೆ. "ಚಿತ್ರದಲ್ಲಿ ಎಲ್ಲಾ ಚೆನ್ನಾಗೇ ಇರುತ್ತಮ್ಮ. ಚಳಿ ಮುಗಿಯೋದ್ರೊಳಗೆ ಬರ್ತೀನಿ, ಗಿಡದಲ್ಲಿ ತೋರಿಸು. ಬಣ್ಣ ಇದ್ರೆ ಇಳಿಜಾರಿನ ಕೆಲಸ ನಿಂಗೇ" ಎಂದಿದ್ದಾರೆ. ಆ ಕೆಲಸ ಸಿಕ್ಕರೆ ಅವಳು ತನ್ನದೇ ಒಂದು ಚಿಕ್ಕ ನರ್ಸರಿ ಶುರುಮಾಡಬಹುದು. ಬಣ್ಣ ಬರದಿದ್ದರೆ ಇಲ್ಲ.

"ಮೆಟ್ಟಿಲ ಮೇಲೆ ಇದಕ್ಕೆ ಬಿಸಿಲು ಸಾಲಲ್ಲ ಅಪ್ಪ. ನಿಮ್ಮ ಹಿತ್ತಲಲ್ಲಿ ಕಲ್ಲುಮಣ್ಣು, ದಿನವಿಡೀ ಬಿಸಿಲು. ನಿಮ್ಮ ಕೈಗೆ ಒಪ್ಪಿಸ್ತಿದೀನಿ."

ಕೊನೆಯ ಮಾತಿಗೆ ಅಣ್ಣನ ಎದೆ ಉಬ್ಬಿತು. "ಕಣ್ಣಲ್ಲಿ ಕಣ್ಣಿಟ್ಟು ಸಾಕ್ತೀನಿ ಬಿಡು."

"ನೀರು ಮಣ್ಣು ಒಣಗಿದ ಮೇಲೇ ಹಾಕಿ. ಹಾಲು ಕೈಗೆ ತಾಗಿಸ್ಕೋಬೇಡಿ. ಗೊಬ್ಬರ ಬೇಡ. ಬೇರೇನೂ ಮಾಡೋದು ಬೇಡ."

ಬೇರೇನೂ ಮಾಡಬೇಡಿ ಎಂದು ಅವಳು ಹೇಳಿದ್ದು ನಿಜ. ಆದರೆ ಬೇರೇನೂ ಮಾಡದೆ ಇರುವುದು ಇನ್ನೊಂಚೂರಣ್ಣನ ಕೈಗೆ ಗೊತ್ತೇ ಇರಲಿಲ್ಲ.

ಗಿಡವನ್ನು ಕುಂಡದಿಂದ ಹಿತ್ತಲಿನ ಮಣ್ಣಿಗೆ ಇಳಿಸಿದರು. ಮೊದಲಿಗೆ ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಿದ್ದರು. ಒಣಗಿದ್ದರೆ ಮಾತ್ರ ಒಂದು ಚೊಂಬು ನೀರು. ಗಿಡ ಬೇರು ಕಚ್ಚಿ ಬೆಳೆಯತೊಡಗಿತು. ಎಡಕ್ಕೆ ಒಂದು ರೆಂಬೆ ಕೊಂಚ ಉದ್ದ ಬಂತು. ಅಣ್ಣ ಹಲ್ಲುಜ್ಜುವುದನ್ನು ನಿಲ್ಲಿಸಿ ಅದನ್ನೇ ನೋಡಿದರು. ಮರುದಿನವೂ ನೋಡಿದರು. ಅದರ ಮರುದಿನ ಒಳಗೆ ಹೋಗಿ ಕತ್ತರಿ ತಂದರು.

ಚಕ್.

ತುದಿ ಬಿತ್ತು. ಕತ್ತರಿಸಿದ ಜಾಗದಿಂದ ಹಾಲು ಮುತ್ತುಮುತ್ತಾಗಿ ಉಕ್ಕಿತು. ಅಣ್ಣನಿಗೆ ಗಾಬರಿ. ಮತ್ತೆ ಒಳಗೆ ಓಡಿ, ಪಟಿಕದ ಕಲ್ಲು ತಂದು, ನೀರಲ್ಲಿ ಅದ್ದಿ, ಗಿಡದ ಗಾಯಕ್ಕೆ ಒತ್ತಿ ಹಿಡಿದರು. "ಆಯ್ತು, ಆಯ್ತು, ಏನಿಲ್ಲ" ಎಂದು ಗಿರಾಕಿಗೆ ಹೇಳುವ ಹಾಗೆ ಗಿಡಕ್ಕೆ ಹೇಳಿದ್ದು ನನಗೆ ಕೇಳಿಸಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆ ತುದಿಯಲ್ಲೇ ಮಗಳ ಭವಿಷ್ಯ ಇದೆ ಎಂದು ಆಗ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಎಡದ ರೆಂಬೆ ಗಿಡ್ಡವಾದ ಮೇಲೆ ಬಲದ್ದು ಉದ್ದ ಕಾಣದೆ ಇರುತ್ತದೆಯೇ? ಬಲಕ್ಕೆ ಇನ್ನೊಂಚೂರು. ನಡುವೆ ಇನ್ನೊಂಚೂರು. ಅತ್ತಿಗೆ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದರು, "ಮಗಳು ಏನೂ ಮಾಡ್ಬೇಡಿ ಅಂದಿದ್ಲಲ್ರೀ?"

"ನಾನೇನು ಕಟಿಂಗ್ ಮಾಡ್ತಿದೀನಾ? ಬರೀ ಟ್ರಿಮ್ಮಿಂಗ್" ಎಂದರು ಅಣ್ಣ. ಅಂಗಡಿಯ ದರಪಟ್ಟಿಯಲ್ಲೂ ಅವೆರಡನ್ನು ಬೇರೆ ಬೇರೆಯಾಗಿಯೇ ಬರೆದಿದ್ದಾರೆ.

ಚಳಿ ಶುರುವಾಯಿತು. ನರ್ಸರಿಯಲ್ಲಿ ಅದೇ ಸುಗ್ಗಿ, ರಜೆ ಇಲ್ಲ, ಮಗಳಿಗೆ ಇತ್ತ ಬರಲು ಆಗಲಿಲ್ಲ. ದಿನಾ ಸಂಜೆ ಫೋನು ಮಾತ್ರ.

"ಗಿಡ ಹೇಗಿದೆ ಅಪ್ಪ?"

"ಏನ್ ಕೇಳ್ತೀಯ! ಚೆಂಡಿನ ಹಾಗೆ ದುಂಡಗಿದೆ."

"ಬಣ್ಣ ಬಂತಾ?"

"ಇಲ್ಲ, ಅಚ್ಚ ಹಸಿರು."

"ನೀರು ಜಾಸ್ತಿ ಆಯ್ತೇನೋ ಅಪ್ಪ?" "ಇಲ್ಲಮ್ಮ." "ನೆರಳು ಬೀಳ್ತಿದೆಯಾ?" "ಎಲ್ಲಿಯ ನೆರಳು!" ಅಪ್ಪ ಹೇಳಿದ್ದೆಲ್ಲ ಸತ್ಯವೇ. ಅವಳು ರಾತ್ರಿ ನಿದ್ದೆಗೆಟ್ಟು ಕಾರಣ ಹುಡುಕುತ್ತಿದ್ದಳು ಎಂದು ಅಳಿಯ ಅತ್ತಿಗೆಗೆ ಹೇಳಿದನಂತೆ. ಇಲ್ಲಿ ಅಪ್ಪನಿಗೂ ಚಿಂತೆ. ಬಣ್ಣ ಬರಲೆಂದು ಬೆಳಿಗ್ಗೆ ಇನ್ನಷ್ಟು ಅಚ್ಚುಕಟ್ಟಾಗಿ ಸಮ ಮಾಡುತ್ತಿದ್ದರು. ನಾನು ಪ್ರಾರ್ಥನೆಯಲ್ಲಿ ಆ ಗಿಡವನ್ನೂ ಸೇರಿಸಿಕೊಂಡೆ. ಲೋಕದಲ್ಲಿ ಬೇಡಿಕೊಳ್ಳಲು ದೊಡ್ಡ ಸಂಕಟಗಳಿವೆ, ನಿಜ. ಆದರೆ ಚಿಕ್ಕದನ್ನು ಕೇಳಿದರೆ ದೇವರು ಮುಖ ತಿರುಗಿಸುತ್ತಾನೆಂದು ನನಗೆ ಅನ್ನಿಸುವುದಿಲ್ಲ.

ಉತ್ತರ ಬಂದದ್ದು ಅಂಚೆಯಣ್ಣನ ಕತ್ತಿನ ಮೂಲಕ.

ಅವರು ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು ಹೋದವರು, ಮಧ್ಯಾಹ್ನ ಚೀಲ ಸಮೇತ ಅಂಗಡಿಗೆ ವಾಪಸು ಬಂದರು. ಕತ್ತಿನ ಹಿಂಭಾಗ ಟೊಮೇಟೊ ಹಾಗೆ ಕೆಂಪಾಗಿತ್ತು.

"ಏನ್ ಹಚ್ಚಿದ್ರೀ ನಂಗೆ? ಬೆಂಕಿ ಇಟ್ಟ ಹಾಗಿದೆ! ಬೀದಿಯುದ್ದಕ್ಕೂ ಕೆರ್ಕೊಂಡು ಬಂದೆ, ನಾಯಿಗಳೂ ನನ್ನ ನೋಡಿ ಪಾಪ ಅಂದವು!"

ಅಣ್ಣನ ಬೆರಳುಗಳೂ ಊದಿ, ಗುಳ್ಳೆ ಎದ್ದಿದ್ದವು. ಗಿಡದ ಹಾಲನ್ನು ಬರೀ ನೀರಲ್ಲಿ ತೊಳೆದು ಅದೇ ಕೈಯಲ್ಲಿ ಗಿರಾಕಿಯ ಕತ್ತಿಗೆ ಪೌಡರ್ ಹಚ್ಚಿದ್ದರು. ಹಾಲು ನೀರಿಗೆ ಹೋಗುವಂಥದ್ದಲ್ಲ. ಇಷ್ಟು ದಿನ ತುಸುತುಸುವಾಗಿ ಹತ್ತಿದ್ದು ಒಮ್ಮೆಗೇ ಸಿಟ್ಟು ತೀರಿಸಿಕೊಂಡಿತ್ತು. ಡಾಕ್ಟರು ಇಬ್ಬರಿಗೂ ಮುಲಾಮು ಕೊಟ್ಟರು. ಅಂಚೆಯಣ್ಣನಿಗೆ ಸಂಜೆಯೊಳಗೆ ಕಡಿಮೆಯಾಯಿತು. ಅಣ್ಣನ ಎರಡೂ ಕೈಗೆ ಬಟ್ಟೆ ಸುತ್ತಿ, "ಗುಣವಾಗೋವರೆಗೂ ಏನನ್ನೂ ಹಿಡೀಬೇಡಿ" ಎಂದರು. ಅತ್ತಿಗೆ ಮಗಳಿಗೆ ಫೋನು ಮಾಡಿದರು.

ಅವಳು ಓಡಿ ಬಂದಳು. ಅಪ್ಪನ ಕೈ ನೋಡಿದಳು. ಹಿತ್ತಲಿಗೆ ಹೋಗಿ ಗಿಡ ನೋಡಿದಳು. ಅಳತೆ ಹಿಡಿದು ಮಾಡಿದಂಥ ಹಸಿರು ಚೆಂಡು ಅದು. ಒಂದೆಲೆ ಹೆಚ್ಚಿಲ್ಲ, ಒಂದೆಲೆ ಕಡಿಮೆಯಿಲ್ಲ.

"ಅಪ್ಪ, ಬಣ್ಣ ಬರೋದು ತುದಿಗೆ" ಎಂದಳು ಕೊನೆಗೆ. "ತುದಿ ಬಲಿತು, ಅದಕ್ಕೆ ಚಳಿ ತಗುಲಿದ ಮೇಲೆ. ನಾನು ಕಾಯ್ತಾ ಇದ್ದದ್ದನ್ನೇ ನೀವು ದಿನಾ ಕತ್ತರಿಸಿ ಹಾಕ್ತಿದ್ರಿ."

ಅಣ್ಣ ಬಟ್ಟೆ ಸುತ್ತಿದ ಎರಡು ಕೈಗಳನ್ನೂ ಮುಂದೆ ಹಿಡಿದುಕೊಂಡು ನಿಂತಿದ್ದರು. "ಸಮ ಇರ್ಲಿಲ್ಲ ಮಗಳೇ..." ಎಂದರು. ಅವರ ಕಣ್ಣು ತುಂಬಿದ್ದನ್ನು ಕಂಡು ನಾನು ಕಿಟಕಿಯಿಂದ ಸರಿದೆ.

ಆದರೆ ಮಗಳು ಮಣ್ಣಿನ ಜೊತೆ ಬಾಳಿದವಳು, ಗಿಡದ ಮುಂದೆ ಕೂತು ಒಂದೊಂದೇ ರೆಂಬೆಯನ್ನು ಬಗ್ಗಿಸಿ ನೋಡಿದಳು. ಕತ್ತರಿಸಿದ ಪ್ರತಿ ಗಾಯದ ಕೆಳಗೂ ಸಣ್ಣ ಸಣ್ಣ ಮೊಗ್ಗಿನಂಥ ಚಿಗುರು ಕಾದು ಕೂತಿದ್ದವು. "ಚಳಿ ಇನ್ನೂ ಇದೆ. ಇವತ್ತಿಂದ ಯಾರೂ ಮುಟ್ಟದೇ ಇದ್ರೆ, ಅವರು ಬರೋ ಹೊತ್ತಿಗೆ ಬಂದ್ರೂ ಬರಬಹುದು. ಬರದೇ ಹೋದ್ರೂ ಹೋಗಬಹುದು" ಎಂದಳು.

"ಮುಟ್ಟೋಕೆ ನಿಮ್ಮಪ್ಪಂಗೆ ಕೈ ಎಲ್ಲಿದೆ?" ಎಂದರು ಅತ್ತಿಗೆ. ಆ ಮಾತಿಗೆ ಮೊದಲು ಮಗಳು ನಕ್ಕಳು. ಆಮೇಲೆ ಅಣ್ಣನೂ, ಮೂಗು ಒರೆಸಿಕೊಳ್ಳಲಾಗದೆ, ಹಾಗೇ ನಕ್ಕರು.

ಗಿಡಕ್ಕೆ ಹಾಗೆ ವಿರಾಮ ಸಿಕ್ಕಿತು. ಆದರೆ ಅಂಗಡಿ ಮುಚ್ಚಿದರೆ ಮನೆ ನಡೆಯುವುದು ಹೇಗೆ? ಮಗಳು ನರ್ಸರಿಯ ಯಜಮಾನರನ್ನು ಕೇಳಿ ಕೆಲವು ದಿನ ಮಧ್ಯಾಹ್ನದಿಂದ ಮಾತ್ರ ಬರುತ್ತೇನೆಂದು ಒಪ್ಪಿಸಿದಳು. ಬೆಳಿಗ್ಗೆ ಅಪ್ಪನ ಕುರ್ಚಿಯ ಹಿಂದೆ ತಾನೇ ನಿಂತಳು. ಅಪ್ಪ ಕಾಯುವ ಬೆಂಚಿನ ಮೇಲೆ, ಬೆಳ್ಳಗಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಮೊದಲ ದಿನ ಗಿರಾಕಿಗಳು ಬಾಗಿಲಲ್ಲೇ ಹಿಂದುಮುಂದು ನೋಡಿದರು. ಔಷಧದಂಗಡಿಯವರು ಧೈರ್ಯ ಮಾಡಿ ಕೂತರು. "ಕಿವಿ ಹತ್ರ ಸ್ವಲ್ಪ ತೆಗಿಯಮ್ಮ" ಎಂದರು. ಅವಳು ಕಿವಿ ಹತ್ತಿರ ಸ್ವಲ್ಪ ತೆಗೆದು, ಬಟ್ಟೆ ಕೊಡವಿದಳು.

"ಇನ್ನೊಂಚೂರು" ಎಂದಿತು ಬೆಂಚು.

"ಸಾಕು ಅಪ್ಪ."

ಔಷಧದಂಗಡಿಯವರು ಕನ್ನಡಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಕೈಯಿಂದ ಮುಟ್ಟಿ ನೋಡಿಕೊಂಡರು. "ಇದೆ!" ಎಂದರು ಹಿಗ್ಗಿನಿಂದ. "ನನ್ನ ಕೂದಲು ಇನ್ನೂ ಇದೆ ಕಣಣ್ಣ!"

ಆ ಸುದ್ದಿ ಬೀದಿಯಲ್ಲಿ ಹರಡಲು ಎಷ್ಟು ಹೊತ್ತು ಬೇಕು? ಹೆಂಡತಿಯರ ಮಾತಿಗೆ ಬೇರೆ ಕಡೆ ಹೋಗುತ್ತಿದ್ದ ಗಂಡಸರೂ ಬಂದರು. ಬೆಂಚಿನ ಮೇಲೆ ಅಣ್ಣ ಚಡಪಡಿಸುತ್ತಿದ್ದರು. "ಹಿಂದೆ ಸ್ವಲ್ಪ..." ಎನ್ನುವರು. ಮಗಳು ತಿರುಗಿ ನೋಡುವಳು. ಬಾಯಿ ಮುಚ್ಚುವರು. ದಿನ ಕಳೆದಂತೆ ಅವರು ಹೇಳುವುದು ಕಡಿಮೆಯಾಯಿತು, ನೋಡುವುದು ಹೆಚ್ಚಾಯಿತು. ಒಂದು ದಿನ ಗೋಡೆಯ ಹತ್ತಿರ ನಿಂತು ನನಗೆ ಹೇಳಿದರು, "ತಂಗೀ, ಅವಳ ಕೈ ಅರ್ಧ ದಾರೀಲಿ ಕೂತ್ಕೊಳ್ಳಲ್ಲ. ಊರು ಬಂದ ಮೇಲೇ ಇಳಿಯುತ್ತೆ. ನಾನೇ ಊರು ದಾಟಿ ಹೋಗಿಬಿಡ್ತೀನಿ." ಕೆಲವು ಮಾತಿಗೆ ಕೇಳುವ ಕಿವಿ ಇದ್ದರೆ ಸಾಕಾಗುತ್ತದೆ.

ಹಿತ್ತಲಿನಲ್ಲಿ ಹಸಿರು ಚೆಂಡು ಕೆದರಿತು. ಒಂದು ತುದಿ ಇದ್ದಲ್ಲಿ ನಾಲ್ಕಾರು ಚಿಗುರು ಎದ್ದವು. ಒಂದು ಮುಂಜಾನೆ ಕಿಟಕಿ ತೆರೆದಾಗ ಅತ್ತಿಗೆ ಆಚೆಯಿಂದ ಕೈಬೀಸಿ ಕರೆಯುತ್ತಿದ್ದರು. ತುದಿಗಳಲ್ಲಿ, ಚಳಿಗೆ ಮಗುವಿನ ಕೆನ್ನೆ ಕೆಂಪಾಗುವ ಹಾಗೆ, ಕೆಂಪು ಇಣುಕಿತ್ತು.

ಅಷ್ಟು ಹೊತ್ತಿಗೆ ಅಣ್ಣನ ಕೈಯೂ ಗುಣವಾಯಿತು. ಬಟ್ಟೆ ಬಿಚ್ಚಿದರು. ಮಗಳು ಪೂರ್ತಿ ದಿನ ನರ್ಸರಿಗೆ ಹೋಗಲೇಬೇಕಾಯಿತು. ಹೋಗುವಾಗ ಅಪ್ಪನ ಮುಖವನ್ನು ಒಮ್ಮೆ, ಕತ್ತರಿಯನ್ನು ಒಮ್ಮೆ ನೋಡಿದಳು.

ಮೇಲ್ವಿಚಾರಕರು ಮಗಳು ಕೊಟ್ಟಿದ್ದ ವಿಳಾಸ ಹಿಡಿದು, ನಾವು ಅಂದುಕೊಂಡದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ಸ್ಕೂಟರು ನಿಲ್ಲಿಸಿ, "ಕಳ್ಳಿ ಇರೋ ಮನೆ ಇದೇನಾ?" ಎನ್ನುತ್ತ ಅಂಗಡಿಯೊಳಗಿಂದಲೇ ಹಿತ್ತಲಿಗೆ ನಡೆದರು. ಅಣ್ಣ ಕೈಯಲ್ಲಿದ್ದ ಕತ್ತರಿ ಸಮೇತ ಹಿಂದೆ ಓಡಿದರು. ಅತ್ತಿಗೆ ಗಾಬರಿಯಿಂದ ಗೋಡೆಯಾಚೆ ನಿಂತಿದ್ದ ನನಗೆ ಫೋನು ಮಾಡುವಂತೆ ಸನ್ನೆ ಮಾಡಿದರು. ನಾನು ತಕ್ಷಣ ಮಗಳಿಗೆ ಫೋನು ಮಾಡಿದೆ. "ಬಸ್ಸು ಹಿಡೀತೀನಿ ಅತ್ತೆ, ನಿಲ್ಲಿಸ್ಕೊಳ್ಳಿ ಅವರನ್ನ!" ಎಂದಳು.

ಮೇಲ್ವಿಚಾರಕರು ಗಿಡದ ಸುತ್ತ ಬಂದರು. ಕೂತು ನೋಡಿದರು. ಎದ್ದು ನೋಡಿದರು. ಮುಖದಲ್ಲಿ ಮೆಚ್ಚುಗೆ ಕಂಡಿತು. "ಬಣ್ಣ ಇದೆ. ಆದ್ರೆ ಹಾಲು ನೋಡ್ಬೇಕು. ಹಾಲಿಲ್ಲದ್ದನ್ನ ನೆಟ್ಟರೆ ಆಡುಗಳಿಗೆ ಹಬ್ಬ. ಒಂದು ರೆಂಬೆ ಕತ್ತರಿಸಿ ಕೊಡಿ, ಆಫೀಸಿಗೂ ತೋರಿಸ್ತೀನಿ. ಅಗೋ, ಆ ಉದ್ದಂದು."

ನಿಜಕ್ಕೂ ಅದೊಂದು ರೆಂಬೆ ಮಿಕ್ಕವಕ್ಕಿಂತ ಉದ್ದವಾಗಿ ಸೊಟ್ಟಗೆ ಚಾಚಿಕೊಂಡಿತ್ತು. ಅದು ಅಣ್ಣನ ಕಣ್ಣನ್ನು ಎಷ್ಟು ದಿನದಿಂದ ಚುಚ್ಚುತ್ತಿತ್ತೋ ದೇವರಿಗೇ ಗೊತ್ತು. ಕತ್ತರಿ ಕೈಯಲ್ಲೇ ಇತ್ತು. ಕೇಳಿದವರು ಕೆಲಸ ಕೊಡುವವರು. ಅಣ್ಣನ ಬೆರಳು ತಾನಾಗಿಯೇ ಗಾಳಿಯಲ್ಲಿ ಚಕ್ ಚಕ್ ಎಂದಿತು.

"ಆಗಲ್ಲ ಸ್ವಾಮಿ" ಎಂದರು ಅಣ್ಣ.

"ಯಾಕೆ? ಕತ್ತರಿ ಕೈಲೇ ಇದೆಯಲ್ಲ!"

"ಕತ್ತರಿ ನಂದು. ಗಿಡ ಮಗಳದ್ದು. ಅವಳು ಬರ್ಲಿ."

"ನಂಗೆ ಅಷ್ಟು ಪುರುಸೊತ್ತಿಲ್ಲ ಇವರೇ. ಇನ್ನೊಂದು ನರ್ಸರಿಯವರೂ ಕಾಯ್ತಿದಾರೆ."

ಅತ್ತಿಗೆ ಅಡಕತ್ತರಿಯಲ್ಲಿ ಸಿಕ್ಕವರ ಹಾಗೆ ಇಬ್ಬರನ್ನೂ ನೋಡಿ, ಗಂಡನ ತೋಳು ಹಿಡಿದು ಪಿಸುಗುಟ್ಟಿದರು, "ಕೊಟ್ಟುಬಿಡ್ರೀ! ಒಂದು ರೆಂಬೆ ತಾನೇ!"

"ಅವತ್ತೂ ಒಂದೇ ಅಂತಾನೇ ಶುರುವಾಗಿದ್ದು" ಎಂದರು ಅಣ್ಣ. ಆಮೇಲೆ ಮೇಲ್ವಿಚಾರಕರ ಕಡೆ ತಿರುಗಿ, ಅವರ ಕಿವಿ ಮುಚ್ಚುವಷ್ಟು ಬೆಳೆದ ಕೂದಲನ್ನು ನೋಡಿ, ಅತ್ಯಂತ ವಿನಯದಿಂದ ಹೇಳಿದರು, "ಬಿಸಿಲಲ್ಲಿ ಯಾಕೆ ನಿಲ್ತೀರಿ? ಅಂಗಡೀಲಿ ಕೂತ್ಕೊಳ್ಳಿ. ಮಗಳು ಬರೋಷ್ಟರಲ್ಲಿ ಕಿವಿ ಹತ್ರ ಸ್ವಲ್ಪ ತೆಗೀತೀನಿ."

ಪಾಪ, ಅವರು ನಮ್ಮ ಬೀದಿಯವರಲ್ಲ. ಕೂತರು.

ಮಗಳು ಏದುಸಿರು ಬಿಡುತ್ತ ಅಂಗಡಿಗೆ ಬಂದಾಗ ನಾನೂ ಹಿಂದೆಯೇ ಹೋದೆ. ಮೇಲ್ವಿಚಾರಕರು ಕಣ್ಣು ಮುಚ್ಚಿ ತೂಕಡಿಸುತ್ತಿದ್ದರು. ಎಡಭಾಗ ಚೊಕ್ಕಟವಾಗಿ ಮುಗಿದಿತ್ತು. ಅಣ್ಣ ಬಲಭಾಗಕ್ಕೆ ಬಂದಿದ್ದರು, ಇನ್ನೂ ಮುಂದಕ್ಕೆ ಹೋಗುವವರಿದ್ದರು.

"ಅಪ್ಪ, ಸಾಕು."

ಕತ್ತರಿ ಗಾಳಿಯಲ್ಲೇ ನಿಂತಿತು. ಒಂದು ಕ್ಷಣ ಅಪ್ಪ ಮಗಳು ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಅಣ್ಣ ಕತ್ತರಿಯ ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಚಾಚಿದರು. "ನೀನೇ ಮುಗಿಸು ಮಗಳೇ. ಎಲ್ಲಿ ನಿಲ್ಲಿಸ್ಬೇಕು ಅಂತ ನಿಂಗೇ ಚೆನ್ನಾಗಿ ಗೊತ್ತು."

ಅವಳು ಮುಗಿಸಿದಳು. ಮೇಲ್ವಿಚಾರಕರು ಕಣ್ಣು ಬಿಟ್ಟು, ಕನ್ನಡಿ ನೋಡಿ, ಹತ್ತು ವರ್ಷ ಚಿಕ್ಕವರಾದ ಹಾಗೆ ನಕ್ಕರು. ಆಮೇಲೆ ಎಲ್ಲರೂ ಹಿತ್ತಲಿಗೆ ಹೋದೆವು. ಮಗಳು ಕೈಚೀಲದಿಂದ ಗ್ಲೌಸು ತೆಗೆದು ತೊಟ್ಟು, ಉದ್ದನೆಯದನ್ನು ಬಿಟ್ಟು, ಕೆಳಗೆ ಎಲೆಯ ಮರೆಯಲ್ಲಿದ್ದ ಒಂದು ರೆಂಬೆಯನ್ನು ಆರಿಸಿ ಕತ್ತರಿಸಿದಳು. ಹಾಲು ಬಳಬಳನೆ ಬಂತು. ಮೇಲ್ವಿಚಾರಕರು ತೃಪ್ತಿಯಿಂದ ತಲೆಯಾಡಿಸಿದರು.

"ಒಂದು ಮಾತು. ಚಿತ್ರದಲ್ಲಿ ಇಷ್ಟು ದಟ್ಟ ಇರ್ಲಿಲ್ಲ. ಇಷ್ಟೊಂದು ತುದಿ ಹೇಗೆ ಬಂತು? ಏನ್ ಗೊಬ್ಬರ ಹಾಕ್ದೆ?"

ಮಗಳು ಬಾಯ್ತೆರೆಯುವ ಮೊದಲೇ ಅಣ್ಣ ಹೇಳಿಬಿಟ್ಟರು. ತುದಿ ಕತ್ತರಿಸಿದ್ದು, ಪಟಿಕ ಒತ್ತಿದ್ದು, ಅಂಚೆಯಣ್ಣನ ಕತ್ತು, ತಮ್ಮ ಕೈ, ಎಲ್ಲವನ್ನೂ. "ತಪ್ಪು ನಂದು, ಕಾದು ಉಳಿಸಿಕೊಂಡಿದ್ದು ಅವಳು" ಎಂದರು. ಮೇಲ್ವಿಚಾರಕರು ಪಟಿಕಕ್ಕೆ ಬಂದಾಗಲೇ ಗೋಡೆ ಹಿಡಿದುಕೊಂಡು ನಗತೊಡಗಿದ್ದರು. ನಗು ನಿಂತ ಮೇಲೆ ಅವಳಿಗೆ ಹೇಳಿದರು, "ಇಳಿಜಾರಿನ ಮೇಲಿನ ಸಾಲು ಮೊದಲು ನೆಡು. ಅದು ಬೇಸಿಗೆ ತಡೆದ್ರೆ ಪೂರ್ತಿ ಇಳಿಜಾರು ನಿಂದೇ. ಚಳಿಗೆ ಮುಂಚೆ ನಿಮ್ಮಪ್ಪನ್ನ ಕರ್ಕೊಂಡು ಬಂದು ಒಂದ್ಸಲ ತುದಿ ತೆಗೆಸು. ಒಂದೇ ಸಲ!"

"ನಾನು ಪಕ್ಕದಲ್ಲೇ ನಿಂತಿರ್ತೀನಿ ಸಾರ್" ಎಂದಳು ಮಗಳು.

ಅಲ್ಲಿಂದಾಚೆಗೆ ಕಟಿಂಗ್ ಅಂಗಡಿಯ ಚಹರೆಯೇ ಬದಲಾಯಿತು. ಬುಡದಿಂದ ತೆಗೆದ ಚಿಗುರುಗಳನ್ನು ಬೆಚ್ಚಗಿನ ನೀರಿಗೆ ಅದ್ದಿ ಹಾಲು ನಿಲ್ಲಿಸಿ, ಗಾಯ ಒಣಗಿಸಿ, ಮರಳು ತುಂಬಿದ ತಟ್ಟೆಗಳಲ್ಲಿ ಊರಿದರು. ಬೆಳಕು ಚೆನ್ನಾಗಿ ಬೀಳುವ ಜಾಗವೆಂದರೆ ಕಾಯುವ ಬೆಂಚು. ಹಾಗಾಗಿ ಸಸಿಗಳು ಕೂತವು, ಗಿರಾಕಿಗಳು ನಿಂತರು. "ನಮಗಿಂತ ಇವಕ್ಕೇ ಮರ್ಯಾದೆ" ಎಂದು ಅಂಚೆಯಣ್ಣ ದೂರದಿಂದಲೇ ಗೊಣಗುತ್ತಿದ್ದರು. ಬೆಂಚಿನ ಹತ್ತಿರಕ್ಕೆ ಮಾತ್ರ ಅವರು ಒಮ್ಮೆಯೂ ಸುಳಿಯಲಿಲ್ಲ.

ಮೇಲಿನ ಸಾಲು ನೆಟ್ಟು ಬೇರು ಹಿಡಿದ ಮೇಲೆ ಒಂದು ಮಧ್ಯಾಹ್ನ ನಾವೆಲ್ಲ ನೋಡಲು ಹೋದೆವು. ಅಣ್ಣ, ಅತ್ತಿಗೆ, ಮಗಳು, ಅಳಿಯ, ನಾನು. ಮೇಲ್ವಿಚಾರಕರೂ ಬಂದಿದ್ದರು. ಆಸ್ಪತ್ರೆಯ ಒಂದು ಕಿಟಕಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಅಜ್ಜಿಯೊಬ್ಬರು ಗಲ್ಲಕ್ಕೆ ಕೈಯಿಟ್ಟು ಗಿಡಗಳನ್ನೇ ನೋಡುತ್ತಿದ್ದರು. ಅವರು ಬೇಗ ಗುಣವಾಗಲಿ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ಕಂದು ಬಣ್ಣದ ಒಂದು ಆಡು ಇಳಿಜಾರು ಹತ್ತಿ ಬಂತು. ಮಗಳು ನನ್ನ ಕೈ ಹಿಡಿದುಕೊಂಡಳು. ಆಡು ಮೊದಲ ಗಿಡವನ್ನು ಮೂಸಿತು. ಎರಡನೆಯದನ್ನು ಮೂಸಿತು. ಮೂರನೆಯದರ ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡು, ಒಂದು ಸಲ ಅಗಿದು, ಹಾಗೇ ನಿಂತುಬಿಟ್ಟಿತು. ಆಮೇಲೆ ಎಲೆ ಉಗುಳಿ, ತಲೆ ಕೊಡವಿ, ನಮ್ಮೆಲ್ಲರ ಕಡೆ ಅವಮಾನವಾದವರ ಹಾಗೆ ನೋಡಿ, ಬಂದ ದಾರಿಯಲ್ಲೇ ಇಳಿದು ಹೋಯಿತು.

ಅಳಿಯ ಶಿಳ್ಳೆ ಹೊಡೆದ. ಮೇಲ್ವಿಚಾರಕರು ಚಪ್ಪಾಳೆ ತಟ್ಟಿದರು. ಮಗಳು ನಗುತ್ತ ಅಳುತ್ತ ಅಮ್ಮನ ಭುಜಕ್ಕೆ ಒರಗಿದಳು.

ಇನ್ನೊಂಚೂರಣ್ಣ ಮಾತ್ರ ತಮ್ಮ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ ಆ ಆಡನ್ನೇ ನೋಡುತ್ತಿದ್ದರು. "ಪಾಪ, ಎಷ್ಟು ಉರೀತಿದೆಯೋ ಏನೋ!" ಎಂದು, ಗಿಡಗಳಿಗೆಂದು ಮಗಳು ತಂದಿಟ್ಟಿದ್ದ ನೀರಿನ ಬಕೆಟ್ ಎತ್ತಿಕೊಂಡು ಅದರ ಹಿಂದೆಯೇ ಇಳಿಜಾರು ಇಳಿದು ಓಡಿದರು.